ಭಾರತದಲ್ಲಿ ಒಂಟಿಕಾಲಿನ ಜನ ಇದ್ದರೇ? ಗ್ರೀಕರು ಬರೆದದ್ದು ಮತ್ತು ಎಚ್‌ಎಎಲ್‌ ಬಳಿ ಸಿಕ್ಕಿದ್ದು

ಒಂದೇ ದೊಡ್ಡ ಪಾದವನ್ನು ಕೊಡೆಯಂತೆ ಎತ್ತಿ ಹಿಡಿದು ನೆರಳಲ್ಲಿ ಮಲಗಿದ ಮನುಷ್ಯನ ಹಳೆಯ ಚಿತ್ರ. ಕೆಳಗೆ, ‘ಪ್ರಾಚೀನ ಭಾರತದಲ್ಲಿ ಇಂಥವರಿದ್ದರು ಎಂದು ಗ್ರೀಕರೇ ಬರೆದಿದ್ದಾರೆ’ ಎಂಬ ಸಾಲು. ಇಂಥ ಫಾರ್ವರ್ಡ್‌ ಬಂದರೆ ನಂಬಬಹುದೇ?

ಗ್ರೀಕರು ಬರೆದದ್ದು ನಿಜ. ಅಂಥ ಜನ ಇದ್ದರೆಂಬುದು ಸುಳ್ಳು.

ಬರೆದವರು ಯಾರು?

ಸುಮಾರು 2400 ವರ್ಷಗಳ ಹಿಂದೆ ಪರ್ಷಿಯಾದ ಅರಮನೆಯಲ್ಲಿದ್ದ ಗ್ರೀಕ್‌ ವೈದ್ಯ ಕ್ಟೀಸಿಯಸ್‌. ಆತ ಭಾರತಕ್ಕೆ ಬಂದವನೇ ಅಲ್ಲ. ಅಲ್ಲಿ ಕೇಳಿದ್ದನ್ನು ಬರೆದ. ನಾಯಿತಲೆಯ ಜನರ ಕಥೆಯೂ ಅವನದೇ. ಅವನಿಗಿಂತ ಮೊದಲಿನ ಹೆರೊಡೋಟಸ್‌ಗೆ, ಪೂರ್ವದಲ್ಲಿ ಜನವಸತಿ ಇರುವ ಕೊನೆಯ ನಾಡು ಭಾರತ; ಅದರಾಚೆ ಬರೀ ಮರಳು. ಅಲ್ಲಿ ನರಿಗಿಂತ ದೊಡ್ಡ ಇರುವೆಗಳು ಚಿನ್ನದ ಮರಳನ್ನು ಅಗೆದು ಹಾಕುತ್ತವೆ ಎಂದ. ಭಾರತದಲ್ಲಿ ಗಿಡದಲ್ಲೇ ಉಣ್ಣೆ ಬಿಡುತ್ತದೆ ಎಂದೂ ಬರೆದ. ಅದು ನಮ್ಮ ಹತ್ತಿ! ಒಂದೇ ಪುಸ್ತಕದಲ್ಲಿ ನಿಜವೂ ಕಟ್ಟುಕಥೆಯೂ ಒಟ್ಟಿಗಿವೆ.

ಯಾಕೆ ಹೀಗೆ?

ಸುದ್ದಿ ಬಾಯಿಂದ ಬಾಯಿಗೆ ಹೋದಷ್ಟೂ ಬೆಳೆಯುತ್ತದೆ. ದೂರದ ಊರಾದರೆ ಹೋಗಿ ನೋಡಿ ಬರುವವರೂ ಇಲ್ಲ. ನಮ್ಮ ಪುರಾಣಗಳಲ್ಲೂ ಉಪ್ಪಿನ ಕಡಲಿನಾಚೆ ಕಬ್ಬಿನ ಹಾಲು, ತುಪ್ಪ, ಮೊಸರಿನ ಕಡಲುಗಳಿವೆ.

ದೂರ ಕಡಿಮೆಯಾದಾಗ

ಸುಮಾರು 2000 ವರ್ಷಗಳ ಹಿಂದೆ ಮುಂಗಾರು ಗಾಳಿ ಹಿಡಿದು ಹಡಗುಗಳು ನೇರವಾಗಿ ನಮ್ಮ ಪಶ್ಚಿಮ ಕರಾವಳಿಗೆ ಬರತೊಡಗಿದವು. ಆಗ ಗ್ರೀಕ್‌ ಬರಹಗಳಲ್ಲಿ ಬಂದರುಗಳ ಹೆಸರು, ಮೆಣಸು, ಬಟ್ಟೆಯ ಲೆಕ್ಕ ಕಾಣಿಸಿತು. ಕ್ರಿ.ಶ. 150ರ ಸುಮಾರಿಗೆ ಟಾಲೆಮಿಯ ಊರುಗಳ ಪಟ್ಟಿಯಲ್ಲಿ ನಮ್ಮ ಬನವಾಸಿಯೂ ಇದೆ. ಆದರೂ ಆತ ಲಂಕೆಯನ್ನು ಇರುವುದಕ್ಕಿಂತ ಎಷ್ಟೋ ಪಾಲು ದೊಡ್ಡದು ಮಾಡಿದ್ದ!

ಬೆಂಗಳೂರಿನಲ್ಲೂ ಇದರ ಗುರುತಿದೆ. 1891ರಲ್ಲಿ ಯಶವಂತಪುರದಲ್ಲಿ, 1965ರಲ್ಲಿ ಇಂದಿರಾನಗರದಿಂದ ಪೂರ್ವಕ್ಕಿರುವ ಎಚ್‌ಎಎಲ್‌ ಪ್ರದೇಶದಲ್ಲಿ ರೋಮನ್‌ ಬೆಳ್ಳಿ ನಾಣ್ಯಗಳು ಸಿಕ್ಕವು. ಅಗಸ್ಟಸ್‌, ಟೈಬೀರಿಯಸ್‌ ಮೊದಲಾದ ಚಕ್ರವರ್ತಿಗಳ ಕಾಲದವು. ಹಾಗೆಂದು ‘ಎಚ್‌ಎಎಲ್‌ನಲ್ಲಿ ರೋಮನ್ನರಿದ್ದರು’ ಎಂದು ಹೊಸ ಫಾರ್ವರ್ಡ್‌ ಮಾಡಬೇಡಿ! ನಾಣ್ಯ ವ್ಯಾಪಾರಿಗಳ ಕೈ ಬದಲಾಗುತ್ತಾ ಬಂದಿರಬಹುದು. ಲೋಕದ ಅಂಚೆಂದು ಗ್ರೀಕರು ಊಹಿಸಿದ್ದ ನಾಡಿನಲ್ಲಿ ಸಂತೆ, ವ್ಯಾಪಾರ ಮಾಡುವ ನಮ್ಮಂಥ ಜನರೇ ಇದ್ದರು ಎಂಬುದಕ್ಕಂತೂ ಅವು ಸಾಕ್ಷಿ.

ಕಳಿಸುವ ಮುನ್ನ

ಒಂಟಿಕಾಲಿನವನ ಚಿತ್ರ 1493ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ಪುಸ್ತಕದಲ್ಲೂ ಇದೆ. ಕ್ಟೀಸಿಯಸ್‌ ಕಾಲದಿಂದ ಅಲ್ಲಿಯವರೆಗೆ ಸುಮಾರು 1900 ವರ್ಷ ಅದು ಫಾರ್ವರ್ಡ್‌ ಆಗುತ್ತಲೇ ಇತ್ತು. ಈಗ ನಿಮ್ಮ ಫೋನಿಗೆ ಬಂದರೆ ಎರಡು ಪ್ರಶ್ನೆ ಕೇಳಿ: ಬರೆದವರು ಕಣ್ಣಾರೆ ಕಂಡಿದ್ದರೇ? ಬೇರೆ ಸಾಕ್ಷಿ ಇದೆಯೇ? ಎರಡಕ್ಕೂ ‘ಇಲ್ಲ’ ಎಂದಾದರೆ, ಅದು ನಿಮ್ಮಲ್ಲೇ ನಿಲ್ಲಲಿ.