ಸೋಮಾರಿ ಕಟ್ಟೆಯ ಹೆಬ್ಬಾತು

ಬ್ರಾಸ್‌ಟೌನಿಗೆ ನಾನು ಹೋದದ್ದು ಒಂದು ಬೆಂಚಿನ ಕಥೆ ಕೇಳಿ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಪಶ್ಚಿಮ ತುದಿಯಲ್ಲಿ, ಅಪಲಾಚಿಯನ್ ಬೆಟ್ಟಗಳ ಮಡಿಲಲ್ಲಿರುವ ಪುಟ್ಟ ಊರು ಇದು. ಹೆಸರಿನಲ್ಲಿ ಹಿತ್ತಾಳೆ ಇದೆಯೇ ಹೊರತು ಊರಲ್ಲಿಲ್ಲ. ಚೆರೋಕಿ ಭಾಷೆಯಲ್ಲಿ ಹಸಿರು ತಾಣ ಅನ್ನುವ ಮಾತನ್ನು ಬಂದ ಬಿಳಿಯರು ಹಿತ್ತಾಳೆ ಎಂದು ಕೇಳಿಸಿಕೊಂಡರಂತೆ!

ಆ ಬೆಂಚು ಸ್ಕ್ರಾಗ್ಸ್ ಎಂಬುವರ ದಿನಸಿ ಅಂಗಡಿಯ ಮುಂದಿತ್ತು. ನಮ್ಮ ಹಳ್ಳಿಗಳ ಸೋಮಾರಿ ಕಟ್ಟೆಯದೇ ಅಣ್ಣತಮ್ಮ. ಹೊಲದ ಕೆಲಸವಿಲ್ಲದ ಹೊತ್ತಲ್ಲಿ ಗಂಡಸರು ಅಲ್ಲಿ ಕೂತು, ಜೇಬಿನಿಂದ ಮಡಚು ಚಾಕು ತೆಗೆದು, ಸಿಕ್ಕ ಕಡ್ಡಿಯನ್ನು ಹೆರೆಯುತ್ತ ಹರಟುತ್ತಿದ್ದರು. ಕಡ್ಡಿ ಮುಗಿದರೆ ಬೆಂಚನ್ನೇ ಹೆರೆಯುತ್ತಿದ್ದರಂತೆ. ಬೇರೆಯವರಾಗಿದ್ದರೆ ಬೈದು ಮುಂದೆ ಹೋಗುತ್ತಿದ್ದರು. ಇಲ್ಲಿ ಜನಪದ ಶಾಲೆ ಕಟ್ಟಿದ ಆಲಿವ್ ಡೇಮ್ ಕ್ಯಾಂಪ್‌ಬೆಲ್ ನಿಂತು ನೋಡಿದರು. ಚಾಕು ಹಿಡಿಯುವುದನ್ನು ಈ ಗಂಡಸರಿಗೆ ಯಾರೂ ಕಲಿಸಬೇಕಿರಲಿಲ್ಲ. ಬೇಕಿದ್ದದ್ದು ಒಂದು ಆಕಾರ, ಕೊಳ್ಳುವ ಒಬ್ಬ ಗಿರಾಕಿ.

ಆಲಿವ್ ಈ ಬೆಟ್ಟಗಳಿಗೆ ಬಂದದ್ದು ಗಂಡ ಜಾನ್ ಜೊತೆ. ಆತ ಜನಜೀವನ ಅಧ್ಯಯನ ಮಾಡಿದರೆ ಈಕೆ ಹಳ್ಳಿಹಾಡು ಬರೆದುಕೊಂಡರು. 1919ರಲ್ಲಿ ಗಂಡ ತೀರಿಕೊಂಡ ಮೇಲೆ ಗೆಳತಿ ಮಾರ್ಗರೀಟ್ ಬಟ್ಲರ್ ಜೊತೆ ಡೆನ್ಮಾರ್ಕಿಗೆ ಹೋಗಿ, ಅಲ್ಲಿನ ಚಿಂತಕ ಗ್ರುಂಟ್ವಿಗ್ ಕನಸು ಕಂಡ ಜನಪದ ಶಾಲೆಗಳನ್ನು ನೋಡಿ ಬಂದರು. ಪರೀಕ್ಷೆಯಿಲ್ಲ, ಅಂಕವಿಲ್ಲ, ರೈತರ ಮಕ್ಕಳಿಗೆಂದೇ ಇದ್ದ ಶಾಲೆಗಳು. 1925ರಲ್ಲಿ ಬ್ರಾಸ್‌ಟೌನ್ ಜನ ಅಂಥದೇ ಒಂದು ಶಾಲೆಗೆ ಜಮೀನು, ಮರ, ಮೈಕೆಲಸ ಕೊಡುತ್ತೇವೆಂದು ಮುಂದೆ ಬಂದರು. ಶಾಲೆಗೆ ಜಾನ್ ಹೆಸರಿಟ್ಟರು. ಇದೇ ಡೆನ್ಮಾರ್ಕಿನ ಬೀಜ ನಮ್ಮ ನಂಜನಗೂಡಿಗೂ ಬಿದ್ದಿತ್ತು. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ಅಲ್ಲಿ ಕಟ್ಟಿದ ವಿದ್ಯಾಪೀಠದ ಮಾದರಿ ಅದೇ. ನಮ್ಮಲ್ಲಿ ಈಗ ಅದನ್ನು ನೆನೆಯುವವರು ಎಷ್ಟು ಜನ?

ಕೆತ್ತನೆಯನ್ನು ನಿಜಕ್ಕೂ ಕೈಗೆ ಕೂರಿಸಿದವರು 1935ರಲ್ಲಿ ಬಂದ ಮೇಷ್ಟ್ರಮ್ಮ ಮರ್ರೇ ಮಾರ್ಟಿನ್. ಶಾಲೆಯಲ್ಲಿ ಗರಗಸದಿಂದ ಒರಟಾಗಿ ಕತ್ತರಿಸಿದ ಮರದ ತುಂಡುಗಳನ್ನು ಹಳ್ಳಿಯವರು ಮನೆಗೆ ಒಯ್ದು, ರಾತ್ರಿ ಒಲೆಯ ಮುಂದೆ ಕೂತು ಕೆತ್ತಿ ತರುವುದು, ಶಾಲೆ ಕೊಂಡು ಮಾರುವುದು. ಹಿತ್ತಲಲ್ಲಿದ್ದ ಹೆಬ್ಬಾತು, ಹಂದಿ, ಹೇಸರಗತ್ತೆಗಳೇ ಮರಕ್ಕೆ ಬಂದವು. ಹೆಬ್ಬಾತು ಮಾರಿ ಜಮೀನಿನ ತೆರಿಗೆ ಕಟ್ಟಿದವರಿದ್ದಾರೆ ಎಂದು ಈಗಲೂ ಹೇಳುತ್ತಾರೆ.

ನಾನು ಸೇರಿದ ಕೆತ್ತನೆ ತರಗತಿಯಲ್ಲಿ ನನಗೂ ಸಿಕ್ಕಿದ್ದು ಹೆಬ್ಬಾತೇ. ಬ್ಯಾಸ್‌ವುಡ್ ಮೆತ್ತಗಿನ ಮರ, ಚಾಕು ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ. ಅದೇ ಅಪಾಯ. ಎಡಗೈಗೆ ದಪ್ಪ ಗವಸು, ಬಲಗೈಯಲ್ಲಿ ಚಾಕು. ಚಾಕುವಿನ ಬೆನ್ನಿಗೆ ಎಡ ಹೆಬ್ಬೆರಳು ಒತ್ತಿ, ಒಂದೊಂದೇ ಚಕ್ಕೆ ಎಬ್ಬಿಸಬೇಕು. ಮರದ ಎಳೆ ಯಾವ ಕಡೆ ಓಡುತ್ತದೋ ಆ ಕಡೆಗೇ ಹೋಗಬೇಕು. ಬೆನ್ನಿನಿಂದ ಕುತ್ತಿಗೆಗೆ ಇಳಿಯುತ್ತಿದ್ದ ನಾನು, ಕುತ್ತಿಗೆ ಮೇಲೇರುವಾಗ ದಿಕ್ಕು ಬದಲಿಸಲು ಮರೆತೆ. ಟಕ್ ಎಂದಿತು. ಕೊಕ್ಕು ಮೇಜಿನ ಕೆಳಗೆ ಬಿದ್ದಿತ್ತು. ಪಾಠ ಹೇಳುತ್ತಿದ್ದ ಅಜ್ಜ ಬಗ್ಗಿ ಎತ್ತಿಕೊಟ್ಟು, ತಲೆ ಹಿಂದಕ್ಕೆ ತಿರುಗಿಸಿ ರೆಕ್ಕೆಯಲ್ಲಿ ಮುಖ ಹುದುಗಿಸಿದಂತೆ ಕೆತ್ತು ಎಂದರು. ಕೊಕ್ಕಿಲ್ಲದ ನನ್ನ ಹೆಬ್ಬಾತು ನಿದ್ದೆ ಹೋಯಿತು.

ಈಗ ಶಾಲೆಯಲ್ಲಿ ಕಮ್ಮಾರಿಕೆ, ನೇಯ್ಗೆ, ಬ್ಯಾಂಜೋ ವಾದನ ಎಲ್ಲವನ್ನೂ ವಾರದ ತರಗತಿಗಳಲ್ಲಿ ಕಲಿಸುತ್ತಾರೆ. ಕಲಿಯಲು ಬರುವವರು ಹೆಚ್ಚಾಗಿ ಶುಲ್ಕ ಕಟ್ಟಬಲ್ಲ ಪರವೂರಿನವರು, ಅನೇಕರು ಕೆಲಸದಿಂದ ನಿವೃತ್ತರಾದವರು. ಅದರಲ್ಲಿ ತಪ್ಪೇನಿಲ್ಲ, ಶಾಲೆ ಉಳಿಯಬೇಕಲ್ಲ. ಆದರೂ ನಮ್ಮ ತರಗತಿಯಲ್ಲಿ ಸ್ಥಳೀಯರೆಂದು ಇದ್ದದ್ದು ಒಬ್ಬಾಕೆ ಮಾತ್ರ. ಅವರ ಅಜ್ಜಿ ಇದೇ ಹೆಬ್ಬಾತು ಕೆತ್ತಿ ಮಾರುತ್ತಿದ್ದರಂತೆ. ಕೊನೆಯ ದಿನ ಎಲ್ಲರೂ ತಮ್ಮ ಬೊಂಬೆಗಳ ಫೋಟೊ ತೆಗೆಯುತ್ತಿದ್ದಾಗ ಆಕೆ ಮೂಲೆಯ ಡಬ್ಬದಿಂದ ನಾಲ್ಕು ಒರಟು ತುಂಡು ಆರಿಸಿ, ಕೈಚೀಲಕ್ಕೆ ಹಾಕಿಕೊಂಡು, ಕತ್ತಲಾಗುವ ಮುಂಚೆ ಮನೆಗೆ ಹೊರಟರು.