ಕಾದಾಡುವ ಪುಟ್ಟ ರೋಬೋ: ಮೊದಲು ಪೆಟ್ಟಿಗೆ, ಆಮೇಲೆ ಯಂತ್ರ

ಪಂಜ: ಅಡಿಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರ ಓಡುತ್ತಿರುವಾಗ ಮಕ್ಕಳನ್ನು ಅತ್ತ ಸುಳಿಯಗೊಡುವವರಿಲ್ಲ. ತಿರುಗುವ ಅಲಗಿಗೆ ಸಿಕ್ಕ ಕಲ್ಲು ಎತ್ತ ಹಾರೀತೆಂದು ಹೇಳಲಾಗದೆಂಬುದು ಇಲ್ಲಿನ ಕೃಷಿಕರಿಗೆಲ್ಲ ತಿಳಿದ ಸಂಗತಿ. ಅಂಥದೇ ಅಲಗನ್ನು ಅಂಗೈಯಗಲದ ಯಂತ್ರಕ್ಕೆ ಜೋಡಿಸಿ, ದೂರದಿಂದ ನಿಯಂತ್ರಿಸಿ, ಮತ್ತೊಂದು ಯಂತ್ರದೊಡನೆ ಕಾದಾಡಿಸುವುದೂ ಒಂದು ಹವ್ಯಾಸ. ಮೊಬೈಲಿನಲ್ಲಿ ಈ ಕಾಳಗಗಳನ್ನು ನೋಡಿದ ಹುಡುಗರು ಬಿಡಿಭಾಗಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುವುದು ಈಗ ಕಷ್ಟವಲ್ಲ. ಆದರೆ ಜೋಡಿಸುವ ಮುನ್ನ ತಿಳಿಯಬೇಕಾದುದನ್ನು ಆ ಪೊಟ್ಟಣದ ಮೇಲೆ ಯಾರೂ ಮುದ್ರಿಸಿರುವುದಿಲ್ಲ.

ಅಮೆರಿಕದ ಮಾರ್ಕ್ ಥಾರ್ಪ್ 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ರೋಬೋಟ್ ವಾರ್ಸ್' ಸ್ಪರ್ಧೆ ನಡೆಸಿದರು. 1998ರಲ್ಲಿ ಅದು ಬಿಬಿಸಿ ದೂರದರ್ಶನಕ್ಕೆ ಬಂದಿತು. ನಮ್ಮ ದೇಶದಲ್ಲಿ ಐಐಟಿ ಬಾಂಬೆಯ ಟೆಕ್‌ಫೆಸ್ಟ್ ಉತ್ಸವವು ಇಂಥ ಕಾಳಗಗಳಿಗೆ ಹೆಸರಾಗಿದೆ. ಅಲ್ಲಿ ಸೆಣಸುವ ಯಂತ್ರಗಳು ಹತ್ತಾರು ಕಿಲೋ ತೂಗುತ್ತವೆ. ಹೊಸಬರು ಅವುಗಳನ್ನು ಅನುಕರಿಸಲು ಹೊರಡುವುದೇ ಮೊದಲ ತಪ್ಪು.

ಎಷ್ಟು ಚಿಕ್ಕದು?

ಬ್ರಿಟನ್ನಿನಲ್ಲಿ 'ಆಂಟ್‌ವೇಟ್', ಅಂದರೆ ಇರುವೆ ತೂಕವೆಂಬ ವರ್ಗದ ಮಿತಿ 150 ಗ್ರಾಂ. ಅಮೆರಿಕದಲ್ಲಿ ಅದೇ ಹೆಸರಿನ ವರ್ಗಕ್ಕೆ ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ. ಆರಂಭಕ್ಕೆ 150 ಗ್ರಾಂ ಸಾಕು. ಆದರೆ ತೂಕ ಕಡಿಮೆಯೆಂದ ಮಾತ್ರಕ್ಕೆ ಅಪಾಯ ಕಡಿಮೆಯಲ್ಲ. 8 ಸೆಂ.ಮೀ. ಉದ್ದದ ಅಲಗನ್ನು ನಡುವಿನಲ್ಲಿ ಹಿಡಿದು ನಿಮಿಷಕ್ಕೆ 10,000 ಸುತ್ತು ತಿರುಗಿಸಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 150 ಕಿ.ಮೀ. ಆಗುತ್ತದೆ. ವೇಗ ಇಮ್ಮಡಿಯಾದರೆ ಅಲಗಿನಲ್ಲಿ ಅಡಗಿದ ಶಕ್ತಿ ನಾಲ್ಮಡಿಯಾಗುತ್ತದೆ. ಸಡಿಲಗೊಂಡ ಒಂದು ಸ್ಕ್ರೂ ಕಣ್ಣಿಗೆ ತಗುಲಲು ಕ್ಷಣಮಾತ್ರ ಸಾಕು.

ಆದ್ದರಿಂದ ಮೊದಲ ಯಂತ್ರಕ್ಕೆ ತಿರುಗುವ ಆಯುಧ ಬೇಡ. ಎದುರಾಳಿಯ ಅಡಿಗೆ ನುಗ್ಗಿ ತಳ್ಳುವ ಇಳಿಜಾರು ಮುಖದ್ದಾಗಲಿ, ಸರ್ವೋ ಮೋಟಾರಿನಿಂದ ಎತ್ತಿ ಮಗುಚುವಂಥದ್ದಾಗಲಿ ಕಟ್ಟಿದರೆ ಸಾಕು. ಓಡಿಸುವ ಕೈಚಳಕ ಬರುವುದೂ ಇವುಗಳಿಂದಲೇ.

ಪೆಟ್ಟಿಗೆಯೇ ಮೊದಲು

ಯಂತ್ರ ಸಿದ್ಧವಾದ ಮೇಲೆ ಕಣದ ಚಿಂತೆ ಮಾಡುವವರೇ ಹೆಚ್ಚು. ಆಗ ಉತ್ಸಾಹ ತಡೆಯಲಾರದೆ ಮನೆಯ ಜಗಲಿಯೇ ಕಣವಾಗುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕು. ನೆಲಕ್ಕೆ ಪ್ಲೈವುಡ್, ನಾಲ್ಕು ಬದಿ ಹಾಗೂ ಮೇಲ್ಭಾಗಕ್ಕೆ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಹಾಕಿ ಮುಚ್ಚಿದ ಪೆಟ್ಟಿಗೆ ಮೊದಲು ಸಿದ್ಧವಾಗಲಿ. ನೋಟಕ್ಕೆ ಒಂದೇ ತೆರನಾಗಿರುವ ಅಕ್ರಿಲಿಕ್ ಹಾಳೆ ಪೆಟ್ಟು ಬಿದ್ದರೆ ಚೂರಾಗಿ ಸಿಡಿಯುತ್ತದೆ, ಪಾಲಿಕಾರ್ಬೊನೇಟ್ ಬಾಗುತ್ತದೆ. ಕೊಳ್ಳುವಾಗ ಈ ವ್ಯತ್ಯಾಸ ಕೇಳಿ ತಿಳಿಯಬೇಕು. ಇಂಥ ಮನೆಪೆಟ್ಟಿಗೆ ತಳ್ಳುವ ಯಂತ್ರಗಳಿಗಷ್ಟೇ. ತಿರುಗುವ ಆಯುಧವನ್ನು, ಪರೀಕ್ಷೆಗಾಗಿಯೂ, ಅನುಭವಿಗಳು ಕಟ್ಟಿದ ಭದ್ರ ಕಣದ ಹೊರಗೆ ಓಡಿಸಕೂಡದು.

ಯಂತ್ರದ ಒಡಲು

ಎರಡು ಚಿಕ್ಕ ಗೇರ್ ಮೋಟಾರು, ಅವುಗಳ ವೇಗ ನಿಯಂತ್ರಕ, 2.4 ಗಿಗಾಹರ್ಟ್ಸ್ ರೇಡಿಯೋ ಪ್ರೇಷಕ ಮತ್ತು ಗ್ರಾಹಕ, ಬ್ಯಾಟರಿ, ಸ್ವಿಚ್ಚು - ಇವಿಷ್ಟೇ ಮುಖ್ಯ ಭಾಗಗಳು. ಹೊರಕವಚಕ್ಕೆ ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಹಲಗೆಯನ್ನು ಕತ್ತರಿಸಿಕೊಳ್ಳಬಹುದು. ಪ್ರೇಷಕಕ್ಕೆ ಮಾಡಿದ ವೆಚ್ಚ ವ್ಯರ್ಥವಲ್ಲ. ಮುಂದಿನ ಯಂತ್ರಗಳಿಗೂ ಅದೇ ಬಳಕೆಯಾಗುತ್ತದೆ.

ಸ್ವಿಚ್ಚು ಹೊರಗಿನಿಂದ ಸುಲಭವಾಗಿ ಕೈಗೆಟಕುವಂತಿರಬೇಕು. ಸಂಕೇತ ಕಡಿದೊಡನೆ ಯಂತ್ರ ತಾನಾಗಿ ನಿಲ್ಲುವ ವ್ಯವಸ್ಥೆಗೆ 'ಫೇಲ್‌ಸೇಫ್' ಎನ್ನುತ್ತಾರೆ. ಅದನ್ನು ಪರೀಕ್ಷಿಸುವುದು ಹೀಗೆ: ಚಕ್ರಗಳು ನೆಲಕ್ಕೆ ತಾಗದಂತೆ ಯಂತ್ರವನ್ನು ಮರದ ತುಂಡಿನ ಮೇಲಿಟ್ಟು, ಚಕ್ರ ತಿರುಗುತ್ತಿರುವಾಗಲೇ ಪ್ರೇಷಕವನ್ನು ಆರಿಸಬೇಕು. ಚಕ್ರ ನಿಲ್ಲದಿದ್ದರೆ ಆ ಯಂತ್ರವನ್ನು ನೆಲಕ್ಕಿಳಿಸಬಾರದು. ಪ್ರತಿ ಬಾರಿಯೂ ಪ್ರೇಷಕವನ್ನು ಮೊದಲು ಚಾಲೂ ಮಾಡಿ, ಕೊನೆಗೆ ಆರಿಸುವುದು ನಿಯಮ. ಒಳಗೆ ಕೈ ಹಾಕುವ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಕೊರೆಯುವಾಗ, ಕತ್ತರಿಸುವಾಗ, ಓಡಿಸುವಾಗ ರಕ್ಷಣಾ ಕನ್ನಡಕ ಕಡ್ಡಾಯ.

ಬ್ಯಾಟರಿಯೇ ನಿಜವಾದ ಬೆಂಕಿ

ಅಲಗಿಗೆ ಹೆದರುವವರೂ ಬ್ಯಾಟರಿಗೆ ಹೆದರುವುದಿಲ್ಲ. ಹಗುರವೆಂಬ ಕಾರಣಕ್ಕೆ ಬಳಸುವ ಲಿಥಿಯಂ ಪಾಲಿಮರ್ ಬ್ಯಾಟರಿಯ ಪ್ರತಿ ಕೋಶದ ಪೂರ್ಣ ಮಟ್ಟ 4.2 ವೋಲ್ಟ್. ಅದನ್ನು ಮೀರಬಾರದು; 3 ವೋಲ್ಟಿಗಿಂತ ಕೆಳಗೂ ಇಳಿಯಬಾರದು. ಬಹುದಿನ ಎತ್ತಿಡುವುದಾದರೆ ಕೋಶವೊಂದಕ್ಕೆ ಸುಮಾರು 3.8 ವೋಲ್ಟ್ ಇರಬೇಕು. ಕೋಶಗಳನ್ನು ಸಮತೋಲನಗೊಳಿಸುವ ಅದರದೇ ಚಾರ್ಜರ್ ಬೇಕು. ಮೊಬೈಲ್ ಚಾರ್ಜರ್ ಸಲ್ಲದು. 500 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿಗೆ ಅರ್ಧ ಆಂಪಿಯರ್ ಸಾಕು.

ನಮ್ಮ ಮನೆಗಳ ಅಟ್ಟದಲ್ಲಿ ಒಣಗಿದ ಅಡಿಕೆಯ ಗೋಣಿ, ಮೂಲೆಯಲ್ಲಿ ರಬ್ಬರ್ ಶೀಟು, ಕೊಟ್ಟಿಗೆಯಲ್ಲಿ ಬೈಹುಲ್ಲು ಇರುವುದು ಸಾಮಾನ್ಯ. ಅಲ್ಲಿ ಇಂಥ ಬ್ಯಾಟರಿಯನ್ನು ಚಾರ್ಜಿಗಿಡುವುದೆಂದರೆ ಬೆಂಕಿಯನ್ನು ಮನೆಗೆ ಕರೆದಂತೆ. ಕಲ್ಲು ಅಥವಾ ಟೈಲ್ಸ್ ನೆಲದ ಮೇಲೆ, ಉರಿಯುವ ವಸ್ತುಗಳಿಂದ ದೂರದಲ್ಲಿ, ಕಣ್ಣೆದುರೇ ಚಾರ್ಜ್ ಮಾಡಬೇಕು. ರಾತ್ರಿಯಿಡೀ ಬಿಟ್ಟು ಮಲಗಬಾರದು. ಮಳೆಗಾಲದಲ್ಲಿ ಕರೆಂಟು ಹೋದರೆ ಬ್ಯಾಟರಿಯನ್ನು ಚಾರ್ಜರಿನಿಂದ ಕಳಚಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು, ಚುಚ್ಚಬಾರದು, ಕಸದ ರಾಶಿಗೆ ಎಸೆಯಬಾರದು. ಹೊಗೆ ಕಂಡರೆ ಅದನ್ನು ಉಸಿರಾಡದೆ ಎಲ್ಲರೂ ಹೊರಗೆ ಬಂದು 112ಕ್ಕೆ ಕರೆ ಮಾಡಬೇಕು.

ಯಾರನ್ನು ಕೇಳುವುದು?

ನೀತಿ ಆಯೋಗದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯು 6ರಿಂದ 12ನೇ ತರಗತಿಯ ಮಕ್ಕಳಿಗಾಗಿ 2016ರಲ್ಲಿ ಆರಂಭವಾದುದು. ಅಂಥ ಪ್ರಯೋಗಾಲಯವುಳ್ಳ ಶಾಲೆಯ ಮಕ್ಕಳು ಶಿಕ್ಷಕರ ಎದುರಿನಲ್ಲೇ ಬೆಸುಗೆಯನ್ನೂ ತಂತಿ ಜೋಡಣೆಯನ್ನೂ ಕಲಿಯಬಹುದು. ಸುಳ್ಯ, ಪುತ್ತೂರುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ಉಪನ್ಯಾಸಕರಲ್ಲಿ ವಿಚಾರಿಸಲು ಸಂಕೋಚ ಬೇಡ.

ಹೆತ್ತವರು ಇದನ್ನು ಕೇವಲ ಹುಡುಗಾಟವೆಂದು ತಳ್ಳಿಹಾಕಬೇಕಿಲ್ಲ. ವಿದ್ಯುತ್ತು, ಗೇರು, ತೂಕ, ಲೆಕ್ಕ ಎಲ್ಲವನ್ನೂ ಕೈಯಾರೆ ಕಲಿಸುವ ಹವ್ಯಾಸವಿದು. ಗದರಿ ನಿಲ್ಲಿಸಿದರೆ ಅದು ಅಟ್ಟದ ಮೇಲೆ ಗುಟ್ಟಾಗಿ ನಡೆದೀತು; ಅದೇ ಹೆಚ್ಚಿನ ಅಪಾಯ. ಮಗ ಅಥವಾ ಮಗಳು ಮೋಟಾರು ತರಿಸಿಕೊಡಿ ಎಂದಾಗ ಹಿರಿಯರು ಕೇಳಬೇಕಾದ ಪ್ರಶ್ನೆ ಒಂದೇ: 'ಪೆಟ್ಟಿಗೆ ಕಟ್ಟಿ ಆಯಿತೇ?'