ತುಂಗಭದ್ರೆಗೆ ಯಾವ ಖಾತೆ? – ಶುದ್ಧ ನದಿಯ ಮೌಲ್ಯಮಾಪನ

ಸಿದ್ದಾಪುರದ ಯಾವುದೇ ಅಕ್ಕಿ ಗಿರಣಿಯ ಖಾತಾವಹಿಯನ್ನು ತೆರೆದರೆ ಭತ್ತದ ಖರೀದಿ, ಹಮಾಲಿ, ದಲಾಲಿ, ಗೋಣಿಚೀಲ, ವಿದ್ಯುತ್, ಬಾಯ್ಲರ್ ದುರಸ್ತಿ ಇವುಗಳಿಗೆಲ್ಲ ಪ್ರತ್ಯೇಕ ಖಾತೆಗಳು ಕಾಣಸಿಗುತ್ತವೆ. ನುಚ್ಚು, ತೌಡು, ಹೊಟ್ಟುಗಳಿಗೂ ಬೆಲೆಯಿದೆ, ಲೆಕ್ಕವಿದೆ. ಈ ಸಮಸ್ತ ವಹಿವಾಟಿಗೆ ಮೂಲವಾದ ತುಂಗಭದ್ರೆಗೆ ಮಾತ್ರ ಖಾತೆಯಿಲ್ಲ. ಮುನಿರಾಬಾದಿನಿಂದ ಎಡದಂಡೆ ಕಾಲುವೆಯಲ್ಲಿ ಹರಿದು ಬರುವ ನೀರಿನ ಪ್ರಮಾಣ ಕಡಿಮೆಯಾದರೆ ವರ್ತಕರು ಕೂಡಲೇ ಗಮನಿಸುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ರೈತರಷ್ಟೇ ಗಿರಣಿಗಳಿಗೂ ಆತಂಕ ಉಂಟಾಗಿದ್ದು ಸಹಜವೇ ಆಗಿತ್ತು. ಆದರೆ ಅದೇ ನೀರಿನ ಗುಣಮಟ್ಟ ವರ್ಷದಿಂದ ವರ್ಷಕ್ಕೆ ಕುಸಿದರೆ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ವಸ್ತುವಿಗೆ ಮೌಲ್ಯ ಕಟ್ಟುವುದು ಹೇಗೆ ಎಂದು ಕೇಳಬಹುದು. ವ್ಯಾಪಾರಸ್ಥರಿಗೆ ಇದು ಹೊಸ ಪ್ರಶ್ನೆಯೇನೂ ಅಲ್ಲ. ಪಾಲುದಾರನೊಬ್ಬ ನಿವೃತ್ತನಾದಾಗ ಸಂಸ್ಥೆಯ ಸುನಾಮಕ್ಕೆ ಬೆಲೆ ಕಟ್ಟಲೇಬೇಕಾಗುತ್ತದೆ. ಸುನಾಮವು ಕಣ್ಣಿಗೆ ಕಾಣುವುದಿಲ್ಲ, ಸಂತೆಯಲ್ಲಿ ಮಾರಾಟಕ್ಕಿಲ್ಲ. ಆದರೂ ಹಿಂದಿನ ವರ್ಷಗಳ ಅಧಿಕ ಲಾಭವನ್ನು ನೋಡಿ ಅದರ ಮೊತ್ತವನ್ನು ನಿರ್ಧರಿಸುತ್ತಾರೆ. ನದಿಯ ಸ್ವಚ್ಛತೆಯ ಮೌಲ್ಯವನ್ನೂ ಅರ್ಥಶಾಸ್ತ್ರಜ್ಞರು ಇದೇ ಬಗೆಯಲ್ಲಿ, ಜನರ ನಡವಳಿಕೆಯಿಂದ ಅಥವಾ ಜನರ ಉತ್ತರಗಳಿಂದ ಅಂದಾಜು ಮಾಡುತ್ತಾರೆ.

ಈಗಾಗಲೇ ಖರ್ಚಾಗುತ್ತಿರುವ ಹಣ

ಎಲ್ಲಕ್ಕಿಂತ ಸರಳವಾದ ವಿಧಾನವೆಂದರೆ ಕೆಟ್ಟ ನೀರಿನಿಂದ ತಪ್ಪಿಸಿಕೊಳ್ಳಲು ಜನ ಮಾಡುತ್ತಿರುವ ವೆಚ್ಚವನ್ನು ಕೂಡಿಸುವುದು. ಹಳ್ಳಿಹಳ್ಳಿಯಲ್ಲಿ ನಾಣ್ಯ ಹಾಕಿ ಶುದ್ಧ ನೀರು ತುಂಬಿಸಿಕೊಳ್ಳುವ ಘಟಕಗಳಿವೆ, ಅನುಕೂಲಸ್ಥರ ಮನೆಗಳಲ್ಲಿ ಶೋಧಕ ಯಂತ್ರಗಳಿವೆ. ಬಾಯ್ಲರ್ ಇಟ್ಟುಕೊಂಡ ಗಿರಣಿಯವರು ನೀರಿನ ಗಡಸುತನ ತೆಗೆಯಲು ಹಣ ಸುರಿಯುತ್ತಾರೆ. ಕೊಳವೆಗಳಲ್ಲಿ ಕಿಲುಬು ಕಟ್ಟಿದಷ್ಟೂ ಹೊಟ್ಟು ಹೆಚ್ಚು ಉರಿಯುತ್ತದೆ. ಈ ಹಣವೆಲ್ಲ ದುರಸ್ತಿ, ಇಂಧನ, ಮನೆಖರ್ಚು ಎಂಬ ಬೇರೆ ಬೇರೆ ಹೆಸರುಗಳಲ್ಲಿ ಹಂಚಿಹೋಗಿರುವುದರಿಂದ ಒಟ್ಟು ಎಷ್ಟೆಂದು ಯಾರಿಗೂ ತಿಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕೊಪ್ಪಳ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವಿರುವುದು ಹಳೆಯ ಸಮಸ್ಯೆ. ಅದಕ್ಕಾಗಿ ಸ್ಥಾಪಿಸಿದ ಶುದ್ಧೀಕರಣ ಘಟಕದ ವೆಚ್ಚವನ್ನೆಲ್ಲ ನದಿಯ ಮಾಲಿನ್ಯಕ್ಕೆ ಖರ್ಚು ಹಾಕುವುದು ತಪ್ಪು ನಮೂದಾಗುತ್ತದೆ. ಬಾಯ್ಲರಿಗೆ ಕೊಳವೆಬಾವಿಯ ನೀರನ್ನು ಬಳಸುವವರ ವಿಷಯದಲ್ಲಿಯೂ ಅಷ್ಟೇ. ಯಾವ ವೆಚ್ಚ ಯಾವ ಕಾರಣಕ್ಕೆ ಎಂಬುದನ್ನು ಬೇರ್ಪಡಿಸದ ಅಂದಾಜಿಗೆ ಲೆಕ್ಕಪರಿಶೋಧನೆಯಲ್ಲಿ ನಿಲ್ಲುವ ಶಕ್ತಿ ಇರುವುದಿಲ್ಲ.

ಎರಡನೆಯ ವಿಧಾನ ಪ್ರಯಾಣ ವೆಚ್ಚವನ್ನು ನೋಡುವುದು. ಜನರು ಒಂದು ಸ್ಥಳಕ್ಕೆ ಬರಲು ಎಷ್ಟು ಹಣ ಮತ್ತು ಸಮಯ ವ್ಯಯಿಸುತ್ತಾರೋ ಅಷ್ಟು ಮೌಲ್ಯವನ್ನಾದರೂ ಅವರು ಆ ಸ್ಥಳಕ್ಕೆ ಕೊಡುತ್ತಾರೆ ಎಂಬುದು ಇದರ ತರ್ಕ. ಅಮೆರಿಕದ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ 1947ರಲ್ಲಿ ರಾಷ್ಟ್ರೀಯ ಉದ್ಯಾನಗಳಿಗಾಗಿ ಇದನ್ನು ಸೂಚಿಸಿದನು. ಹುಲಿಗಿಯಲ್ಲಿ ಹೊಳೆಸ್ನಾನ ಮಾಡಿ ಹುಲಿಗೆಮ್ಮನ ದರ್ಶನ ಪಡೆಯುವ ಭಕ್ತರಿಗೆ ಇದನ್ನು ಅನ್ವಯಿಸಬಹುದೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಭಕ್ತರು ಬರುವುದು ಅಮ್ಮನಿಗಾಗಿ. ನೀರು ರಾಡಿಯಾಗಿದ್ದರೂ ಬರುತ್ತಾರೆ. ಅವರ ಬಸ್ ಚಾರ್ಜಿನಲ್ಲಿ ನದಿಯ ಪಾಲು ಎಷ್ಟೆಂದು ಹೇಳುವವರು ಯಾರು? ಭೂಮಿಯ ಬೆಲೆಯಿಂದ ತಿಳಿಯುವ ವಿಧಾನವೂ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಕಾಲುವೆಯ ಮೇಲ್ಭಾಗದ ಜಮೀನಿಗೂ ಕೊನೆಯಂಚಿನ ಜಮೀನಿಗೂ ಇರುವ ಬೆಲೆಯ ಅಂತರ ನೀರು ಎಷ್ಟು ಬರುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಎಂಥ ನೀರು ಬರುತ್ತದೆ ಎಂಬುದನ್ನಲ್ಲ.

ಲೆಕ್ಕವಿಲ್ಲದವರ ನಷ್ಟ

ತುಂಗಭದ್ರೆಯ ಮಾಲಿನ್ಯದ ಇತಿಹಾಸದಲ್ಲಿ ಹರಿಹರದ ಪ್ರಕರಣ ಪ್ರಸಿದ್ಧವಾಗಿದೆ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. 1980ರ ದಶಕದಲ್ಲಿ ಕೆಳದಂಡೆಯ ಗ್ರಾಮಸ್ಥರೂ ಮೀನುಗಾರರೂ ಕಾರ್ಖಾನೆಯ ತ್ಯಾಜ್ಯ ನೀರಿನ ಬಗ್ಗೆ, ಮೀನುಗಳ ಸಾವಿನ ಬಗ್ಗೆ ದೂರಿ ಚಳವಳಿ ಹೂಡಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಇದನ್ನು ದೊಡ್ಡ ಸಾರ್ವಜನಿಕ ಪ್ರಶ್ನೆಯನ್ನಾಗಿ ಮಾಡಿತು. ಆ ವಾದವಿವಾದಗಳ ತೀರ್ಪು ಇಲ್ಲಿ ಉದ್ದೇಶವಲ್ಲ. ಗಮನಿಸಬೇಕಾದ ಸಂಗತಿಯೆಂದರೆ ಕಾರ್ಖಾನೆಯ ಉತ್ಪಾದನೆ, ಉದ್ಯೋಗ, ತೆರಿಗೆ ಇವುಗಳಿಗೆ ಪೈಸೆ ಪೈಸೆಯ ಲೆಕ್ಕವಿತ್ತು. ಬಲೆ ಹಾಕುವವನ ಬಳಿ ರೋಜುಕಿರ್ದಿಯೂ ಇರಲಿಲ್ಲ, ರಸೀದಿಯೂ ಇರಲಿಲ್ಲ. ಹೀಗಾಗಿ ಒಂದು ಪಕ್ಷದ ಲಾಭ ಕೋಟಿಗಳಲ್ಲಿಯೂ ಇನ್ನೊಂದು ಪಕ್ಷದ ನಷ್ಟ ಬರೀ ಮಾತಿನಲ್ಲಿಯೂ ಉಳಿಯಿತು.

ಕಾರ್ಖಾನೆಗಳನ್ನೇ ದೂರುವುದೂ ಸರಿಯಲ್ಲ. ಶಿವಮೊಗ್ಗ, ಭದ್ರಾವತಿ, ದಾವಣಗೆರೆ, ಹರಿಹರಗಳನ್ನು ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಗೆ ಸೇರಿಸಬೇಕಾಗಿ ಬಂದದ್ದು ಊರಿನ ಚರಂಡಿ ನೀರಿನಿಂದಾಗಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಪಟ್ಟಿಯಲ್ಲಿ ದೇಶದ 351 ಕಲುಷಿತ ನದಿಭಾಗಗಳಿದ್ದು, ಅವುಗಳಲ್ಲಿ ಕರ್ನಾಟಕದವು 17; ತುಂಗಭದ್ರೆಯೂ ಅವುಗಳಲ್ಲಿ ಒಂದು. ಅಚ್ಚುಕಟ್ಟು ಪ್ರದೇಶದ ಗದ್ದೆಗಳಿಂದ ಬಸಿದ ಗೊಬ್ಬರ, ಕೀಟನಾಶಕಗಳ ನೀರು ಹಳ್ಳಗಳ ಮೂಲಕ ಹೊಳೆಯನ್ನೇ ಸೇರುತ್ತದೆ. ಭತ್ತ ನೆನೆಹಾಕಿ ಬೇಯಿಸುವ ಗಿರಣಿಗಳ ನೆನೆನೀರು ನಿಂತರೆ ಹುಳಿತು ನಾರುತ್ತದೆ. ಶುದ್ಧೀಕರಿಸದೆ ಹಳ್ಳಕ್ಕೆ ಬಿಟ್ಟರೆ ನೀರಿನಲ್ಲಿನ ಆಮ್ಲಜನಕವನ್ನು ಹೀರಿಬಿಡುತ್ತದೆ.

ಜನರನ್ನೇ ಕೇಳುವ ವಿಧಾನ

ಮೇಲ್ಕಂಡ ವಿಧಾನಗಳು ನದಿಯನ್ನು ಬಳಸುವವರ ಮೌಲ್ಯವನ್ನಷ್ಟೇ ಹಿಡಿಯುತ್ತವೆ. ನದಿಯನ್ನು ಎಂದೂ ನೋಡದವನೂ ಅದು ಸ್ವಚ್ಛವಾಗಿರಲಿ ಎಂದು ಬಯಸಬಹುದು. ಅದನ್ನು ತಿಳಿಯಲು ಕೇಳುವುದೊಂದೇ ದಾರಿ. 1989ರ ಮಾರ್ಚಿನಲ್ಲಿ ಎಕ್ಸಾನ್ ವಾಲ್ಡೆಜ್ ಎಂಬ ಹಡಗು ಅಲಾಸ್ಕಾದ ಕಡಲಲ್ಲಿ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲವನ್ನು ಚೆಲ್ಲಿತು. ಅಂಥ ಅನಾಹುತ ಮತ್ತೆ ಆಗದಂತೆ ತಡೆಯಲು ಒಂದು ಬಾರಿಗೆ ಎಷ್ಟು ತೆರಿಗೆ ಕೊಡುತ್ತೀರಿ ಎಂದು ಅಮೆರಿಕದಾದ್ಯಂತ 1,043 ಮಂದಿಯನ್ನು ಸಂದರ್ಶಿಸಿ ಕೇಳಲಾಯಿತು. ಸುಮಾರು 31 ಡಾಲರ್ ಎಂಬ ಮಧ್ಯಾಂಕ ದೊರೆಯಿತು. ಅದನ್ನು ಕುಟುಂಬಗಳ ಸಂಖ್ಯೆಯಿಂದ ಗುಣಿಸಿದಾಗ ಬಂದ ಮೊತ್ತ 280 ಕೋಟಿ ಡಾಲರ್. ಅವರಲ್ಲಿ ಬಹುತೇಕರು ಆ ಕಡಲನ್ನು ಕಂಡವರಲ್ಲ.

ತೈಲ ಕಂಪನಿಗಳು ಸುಮ್ಮನಿರಲಿಲ್ಲ, ವಿದ್ವಾಂಸರಲ್ಲಿಯೂ ಒಮ್ಮತವಿರಲಿಲ್ಲ. ಕೈಯಿಂದ ಹಣ ಬಿಚ್ಚದೆ ಬಾಯಿಮಾತಿನಲ್ಲಿ ಉದಾರವಾಗುವುದು ಸುಲಭವೆಂಬ ಆಕ್ಷೇಪಣೆಯಲ್ಲಿ ಹುರುಳಿದೆ; ಉದ್ರಿ ವ್ಯಾಪಾರ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೊಬೆಲ್ ಪುರಸ್ಕೃತರಾದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ಅವರ ನೇತೃತ್ವದ ಸಮಿತಿಯೊಂದು 1993ರಲ್ಲಿ ಈ ವಿಧಾನವನ್ನು ಪರಿಶೀಲಿಸಿ, ಕಟ್ಟುನಿಟ್ಟಾದ ನಿಯಮಗಳನ್ನು ಪಾಲಿಸಿದರೆ ಇದರ ಫಲಿತಾಂಶ ನ್ಯಾಯಾಲಯದಲ್ಲಿ ಚರ್ಚೆಗೆ ಆಧಾರವಾಗಬಲ್ಲದೆಂದು ಅಭಿಪ್ರಾಯಪಟ್ಟಿತು. ಮುಖತಃ ಸಂದರ್ಶಿಸಬೇಕು, ‘ಎಷ್ಟು ಕೊಡುತ್ತೀರಿ’ ಎಂದು ಕೇಳುವ ಬದಲು ಇಂತಿಷ್ಟು ಮೊತ್ತಕ್ಕೆ ಒಪ್ಪಿಗೆಯೋ ಅಲ್ಲವೋ ಎಂದು ಮತದಾನದಂತೆ ಕೇಳಬೇಕು, ಈ ಹಣ ಕೊಟ್ಟರೆ ಮನೆಯ ಬೇರೆ ಖರ್ಚಿಗೆ ಅಷ್ಟು ಕಡಿಮೆಯಾಗುತ್ತದೆ ಎಂದು ನೆನಪಿಸಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು.

ಭಾರತದಲ್ಲಿ ಈ ಪ್ರಯೋಗ ನಡೆದದ್ದು ಗಂಗೆಯ ಮೇಲೆ. 1986ರಲ್ಲಿ ಆರಂಭವಾಗಿ 2000ದಲ್ಲಿ ಮುಗಿದ ಗಂಗಾ ಕ್ರಿಯಾ ಯೋಜನೆಯ ಮೊದಲ ಹಂತಕ್ಕೆ ಸುಮಾರು 450 ಕೋಟಿ ರೂ. ವೆಚ್ಚವಾಯಿತು. ಅನಿಲ್ ಮಾರ್ಕಂಡೇಯ ಮತ್ತು ಎಂ.ಎನ್. ಮೂರ್ತಿ ಅವರು ಆ ಯೋಜನೆಯ ಲಾಭ ವೆಚ್ಚಗಳನ್ನು ತೂಗಿ ನೋಡಿ 2000ದಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಗಂಗಾತೀರದವರನ್ನಲ್ಲದೆ ದೂರದ ನಗರಗಳ ಕುಟುಂಬಗಳನ್ನೂ ಅವರು ಪರಿಗಣಿಸಿದ್ದರು. ತೀರದಲ್ಲಿ ಇಲ್ಲದವರು ಕೊಡಲೊಪ್ಪಿದ ಹಣವೇ ಲಾಭದ ದೊಡ್ಡ ಭಾಗವಾಯಿತು. ಗಂಗೆಗೆ ದೇಶಾದ್ಯಂತ ಇರುವ ಭಕ್ತಿ ತುಂಗಭದ್ರೆಗೆ ಇಲ್ಲವಾದ್ದರಿಂದ ಆ ಅಂಕಿಗಳನ್ನು ಎತ್ತಿ ಇಲ್ಲಿಗೆ ಅಂಟಿಸುವುದು ಸಾಧುವಲ್ಲ. ಇಲ್ಲಿನ ಜನರನ್ನು ಇಲ್ಲಿಯೇ ಕೇಳಬೇಕಾಗುತ್ತದೆ.

ಕೇಳುವಾಗ ಎಲ್ಲಿ ಜಾರಬಹುದು ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ. 4,000 ಕುಟುಂಬಗಳ ಪಟ್ಟಣವೊಂದರಲ್ಲಿ ಚರಂಡಿ ನೀರನ್ನು ಶುದ್ಧೀಕರಿಸಿ ಹೊಳೆಗೆ ಬಿಡುವ ಘಟಕಕ್ಕೆ ಬಂಡವಾಳ 80 ಲಕ್ಷ ರೂ., ವಾರ್ಷಿಕ ನಿರ್ವಹಣೆ 4 ಲಕ್ಷ ರೂ., ಬಾಳಿಕೆ 15 ವರ್ಷ, ಬಡ್ಡಿದರ ಶೇ. 8 ಎಂದಿರಲಿ. 200 ಕುಟುಂಬಗಳನ್ನು ಕೇಳಿದಾಗ 170 ಕುಟುಂಬಗಳು ತಿಂಗಳಿಗೆ ಸರಾಸರಿ 30 ರೂ. ಕೊಡಲು ಸಿದ್ಧವೆನ್ನುತ್ತವೆ. ಉಳಿದ 30 ಕುಟುಂಬಗಳು ‘ಇದು ಸರಕಾರದ ಕೆಲಸ, ನಾವೇಕೆ ಕೊಡಬೇಕು’ ಎನ್ನುತ್ತವೆ. ಈ 30 ಉತ್ತರಗಳನ್ನು ನದಿಗೆ ಬೆಲೆ ಕೊಡದವರ ಉತ್ತರವಲ್ಲ, ಪ್ರತಿಭಟನೆ ಎಂದು ಬದಿಗಿಟ್ಟರೆ ವಾರ್ಷಿಕ ಲಾಭ 14.40 ಲಕ್ಷ ರೂ. ಆಗುತ್ತದೆ. ನಿರ್ವಹಣೆ ಕಳೆದು ಉಳಿದ 10.40 ಲಕ್ಷದ ಇಂದಿನ ಮೌಲ್ಯ ಸುಮಾರು 89 ಲಕ್ಷ, ಘಟಕ ಲಾಭದಾಯಕ. ಅವನ್ನು ಸೊನ್ನೆ ಎಂದು ಬರೆದುಕೊಂಡರೆ ಸರಾಸರಿ 25.50 ರೂ.ಗೆ ಇಳಿದು, ವಾರ್ಷಿಕ ಲಾಭ 12.24 ಲಕ್ಷವಾಗಿ, ನಿವ್ವಳ 8.24 ಲಕ್ಷದ ಇಂದಿನ ಮೌಲ್ಯ ಸುಮಾರು 70.5 ಲಕ್ಷ ಮಾತ್ರ, ಘಟಕ ನಷ್ಟದಾಯಕ. ಅದೇ ಊರು, ಅದೇ ಜನ, ಅದೇ ಉತ್ತರ. ಗುಮಾಸ್ತನು 30 ಹಾಳೆಗಳನ್ನು ಯಾವ ಕಟ್ಟಿಗೆ ಸೇರಿಸಿದನೆಂಬುದರ ಮೇಲೆ ತೀರ್ಮಾನ ತಿರುಗಿತು. ಆದ್ದರಿಂದ ಇಂಥ ವರದಿ ಕೈಗೆ ಬಂದಾಗ ಕೊನೆಯ ಪುಟದ ಮೊತ್ತಕ್ಕಿಂತ ಮೊದಲು ‘ಇಲ್ಲ’ ಎಂದವರನ್ನು ಹೇಗೆ ಎಣಿಸಿದ್ದಾರೆ ಎಂಬುದನ್ನು ನೋಡಬೇಕು.

ಇದಕ್ಕಿಂತಲೂ ಗಂಭೀರವಾದ ದೋಷ ಪ್ರಶ್ನೆಯಲ್ಲಿಯೇ ಅಡಗಿದೆ. ಕೂಲಿಕಾರನೊಬ್ಬನು ತಿಂಗಳಿಗೆ 10 ರೂ. ಕೊಡುತ್ತೇನೆಂದರೆ ಅವನಿಗೆ ನದಿ ಬೇಡವೆಂದಲ್ಲ, ಅವನ ಜೇಬು ಅಷ್ಟೇ. ರಸ್ತೆ ಅಗಲೀಕರಣಕ್ಕೆ ಅಂಗಡಿ ಹೋಗುವಾಗ ‘ಅಂಗಡಿ ಉಳಿಸಿಕೊಳ್ಳಲು ನೀನೆಷ್ಟು ಕೊಡುತ್ತೀ’ ಎಂದು ಮಾಲೀಕನನ್ನು ಯಾರೂ ಕೇಳುವುದಿಲ್ಲ. ಎಷ್ಟು ಪರಿಹಾರ ಕೊಡಬೇಕೆಂದೇ ಕೇಳುತ್ತಾರೆ. ಶುದ್ಧ ನೀರು ಕೆಳದಂಡೆಯವನ ಹಕ್ಕು ಎಂದಾದರೆ ಅವನಿಗೂ ಎರಡನೆಯ ಪ್ರಶ್ನೆಯೇ ಸಲ್ಲಬೇಕು. ಎರಡನೆಯ ಪ್ರಶ್ನೆಗೆ ಬರುವ ಮೊತ್ತ ಸಾಮಾನ್ಯವಾಗಿ ಬಹಳ ದೊಡ್ಡದಿರುತ್ತದೆ. ಆರೋ ಸಮಿತಿಯು ಎಚ್ಚರಿಕೆಯ ಕ್ರಮವಾಗಿ ಮೊದಲನೆಯ ಪ್ರಶ್ನೆಯನ್ನು ಆಯ್ದುಕೊಂಡಿತು. ಲೆಕ್ಕದ ದೃಷ್ಟಿಯಿಂದ ಅದು ಸುರಕ್ಷಿತ. ನ್ಯಾಯದ ದೃಷ್ಟಿಯಿಂದ ಅದು ಕನಿಷ್ಠ ಮೊತ್ತ ಮಾತ್ರ.

ಅಂದಾಜು ಇಲ್ಲದೆಡೆ ಸೂತ್ರ

ಮೌಲ್ಯಮಾಪನ ನಡೆಯದಿದ್ದರೆ ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ಮಾಲಿನ್ಯ ಮಾಡಿದವನೇ ವೆಚ್ಚ ಭರಿಸಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲಿ ವೆಲ್ಲೂರಿನ ಚರ್ಮ ಹದ ಮಾಡುವ ಘಟಕಗಳ ಪ್ರಕರಣದಲ್ಲಿ ದೇಶದ ಕಾನೂನಿನ ಭಾಗವೆಂದು ಸಾರಿತು. ತಿರುಪ್ಪೂರಿನ ಬಣ್ಣದ ಘಟಕಗಳು ನೊಯ್ಯಲ್ ನದಿಗೆ ಬಿಟ್ಟ ನೀರು ಕೃಷಿಗಾಗಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟನ್ನೇ ವಿಷದ ತೊಟ್ಟಿಯನ್ನಾಗಿಸಿತ್ತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚಲು ಆದೇಶಿಸಿತು. ನಿಯಮ ಪಾಲಿಸಲು ಯತ್ನಿಸಿದ್ದವರು, ಯತ್ನಿಸದವರು ಇಬ್ಬರೂ ಒಂದೇ ದಿನ ನಿಂತರು.

ಈಗ ಕೇಂದ್ರ ಮಂಡಳಿಯು 2019ರಲ್ಲಿ ಪ್ರಕಟಿಸಿದ ಪರಿಸರ ಪರಿಹಾರದ ಸೂತ್ರವಿದೆ. ಮಾಲಿನ್ಯ ಸೂಚ್ಯಂಕ, ಉಲ್ಲಂಘನೆಯ ದಿನಗಳು, ರೂಪಾಯಿ ಗುಣಕ, ಘಟಕದ ಗಾತ್ರ, ಸ್ಥಳದ ಗುಣಕ ಇವೈದನ್ನು ಗುಣಿಸಬೇಕು. ಸೂಚ್ಯಂಕವು ಕೆಂಪು ವರ್ಗಕ್ಕೆ 80, ಕಿತ್ತಳೆಗೆ 50, ಹಸಿರಿಗೆ 30. ರೂಪಾಯಿ ಗುಣಕ 250. ಸಣ್ಣ ಘಟಕಕ್ಕೆ ಗಾತ್ರದ ಗುಣಕ 0.5. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ ಸ್ಥಳದ ಗುಣಕ 1. ಕಿತ್ತಳೆ ವರ್ಗದ ಸಣ್ಣ ಘಟಕಕ್ಕೆ ದಿನಕ್ಕೆ 6,250 ರೂ., 30 ದಿನಕ್ಕೆ 1,87,500 ರೂ. ಆಯಿತು. ಹಸಿರು ವರ್ಗದ ಸಣ್ಣ ಘಟಕಕ್ಕೆ ಲೆಕ್ಕದಲ್ಲಿ 3,750 ರೂ. ಬಂದರೂ ದಿನಕ್ಕೆ 5,000 ರೂ. ಎಂಬ ಕನಿಷ್ಠ ಮಿತಿ ಅನ್ವಯಿಸುತ್ತದೆ. 250 ಎಂಬ ಅಂಕಿಯು ತುಂಗಭದ್ರೆಗೂ ಒಂದೇ, ಗಂಗೆಗೂ ಒಂದೇ. ಕೆಳದಂಡೆಯವರಿಗೆ ನಿಜಕ್ಕೂ ಆದ ನಷ್ಟವೆಷ್ಟೆಂದು ಅದರಲ್ಲಿ ಯಾರೂ ಕೇಳಿಲ್ಲ. ಆ ನಷ್ಟ ಅತ್ಯಲ್ಪವಾಗಿದ್ದರೂ ದಂಡ ಅಷ್ಟೇ, ಅಪಾರವಾಗಿದ್ದರೂ ಅಷ್ಟೇ. ಇಂಥ ಪರಿಹಾರ ವಿಧಿಸುವ ಅಧಿಕಾರ ಮಂಡಳಿಗಳಿಗೆ ಇದೆಯೆಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅದಕ್ಕೆ ತಕ್ಕ ನಿಯಮಾವಳಿ ಇರಬೇಕೆಂದೂ ಹೇಳಿದೆ.

ಸೂತ್ರದ ಐದು ಅಂಶಗಳ ಪೈಕಿ ಘಟಕದ ಮಾಲೀಕನ ಕೈಯಲ್ಲಿರುವುದು ದಿನಗಳ ಸಂಖ್ಯೆ ಒಂದೇ. ಉಲ್ಲಂಘನೆ ಕಂಡುಬಂದ ದಿನದಿಂದ ಈ ಎಣಿಕೆ ಆರಂಭವಾಗುತ್ತದೆ. ಶುದ್ಧೀಕರಣ ಯಂತ್ರ ದುರಸ್ತಿಯಾದ ದಿನಕ್ಕೆ ಅದು ನಿಲ್ಲುವುದಿಲ್ಲ. ದುರಸ್ತಿಯಾಗಿರುವುದನ್ನು ಮಂಡಳಿಯವರು ಪರಿಶೀಲಿಸಿ ದೃಢಪಡಿಸಿದ ದಿನಕ್ಕೆ ನಿಲ್ಲುತ್ತದೆ. ಆದಕಾರಣ ದುರಸ್ತಿ ಮುಗಿದ ದಿನವೇ ಮರುಪರಿಶೀಲನೆ ಕೋರಿ ಲಿಖಿತ ಪತ್ರ ಸಲ್ಲಿಸಿ, ದಿನಾಂಕ ಸಹಿತ ಸ್ವೀಕೃತಿಯನ್ನು ಪಡೆದು ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದು.